ಬಿಸಿ ಹಾಲು, ಪ್ಲಾಸ್ಟಿಕ್ ಬಾಟಲಿ: ಮಕ್ಕಳ ಹಾರ್ಮೋನಿಗೆ ಅಡ್ಡ ಬರುವ ರಾಸಾಯನಿಕಗಳ ಬಗ್ಗೆ ಬೀದರ್, ಭಾಲ್ಕಿ, ಔರಾದ್ ಪೋಷಕರು ತಿಳಿಯಬೇಕಾದ್ದು

ಬೀದರ್: ಕುದಿಸಿದ ಹಾಲನ್ನು ಆರಿಸದೆ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಕೂಸಿನ ಬಾಯಿಗಿಡುವುದು. ಶಾಲೆಗೆ ಹೋಗುವ ಮಗುವಿನ ಪ್ಲಾಸ್ಟಿಕ್ ಡಬ್ಬಿಗೆ ಹೊಗೆಯಾಡುವ ಉಪ್ಪಿಟ್ಟು ತುಂಬುವುದು. ಸಂಜೆ ಹೋಟೆಲ್‌ನಿಂದ ಬಿಸಿ ಸಾಂಬಾರು, ಚಹಾ ತೆಳು ಪನ್ನಿಯಲ್ಲಿ ಕಟ್ಟಿಸಿ ತರುವುದು. ಬೀದರ್ ನಗರವಿರಲಿ, ಭಾಲ್ಕಿ ಇರಲಿ, ಔರಾದ್ ಇರಲಿ, ಇದು ಬಹಳಷ್ಟು ಮನೆಗಳ ದಿನಚರಿ. ಇದರಲ್ಲಿ ಯಾರೂ ತಪ್ಪು ಕಾಣುವುದಿಲ್ಲ, ಯಾಕಂದ್ರೆ ಮಗು ಅದನ್ನು ಉಂಡ ಕೂಡಲೇ ಏನೂ ಆಗುವುದಿಲ್ಲ.

ಸಮಸ್ಯೆ ಇರುವುದೇ ಅಲ್ಲಿ. ಕೆಲವು ಪ್ಲಾಸ್ಟಿಕ್‌ಗಳಿಂದ ಆಹಾರಕ್ಕೆ ಇಳಿಯುವ ರಾಸಾಯನಿಕಗಳು ವಾಂತಿ-ಭೇದಿ ತರುವುದಿಲ್ಲ, ಜ್ವರ ತರುವುದಿಲ್ಲ. ಅವು ದೇಹದ ಹಾರ್ಮೋನುಗಳ ಕೆಲಸದಲ್ಲಿ ಕೈ ಹಾಕುತ್ತವೆ. ದೊಡ್ಡವರಿಗಿಂತ ಬೆಳೆಯುವ ಮಕ್ಕಳಿಗೆ ಇದರ ಚಿಂತೆ ಹೆಚ್ಚು.

ಫೆಬ್ರವರಿ 2025ರ ಕೊನೆಯಲ್ಲಿ ರಾಜ್ಯದಲ್ಲಿ ಈ ವಿಷಯ ದೊಡ್ಡ ಸುದ್ದಿಯಾಗಿತ್ತು. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ತೆಳು ಪ್ಲಾಸ್ಟಿಕ್ ಹಾಳೆ ಹಾಸುತ್ತಿರುವುದು ಆಹಾರ ಸುರಕ್ಷತಾ ಇಲಾಖೆಯ ತಪಾಸಣೆಯಲ್ಲಿ ಐವತ್ತಕ್ಕೂ ಹೆಚ್ಚು ಕಡೆ ಪತ್ತೆಯಾಯಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಇಡ್ಲಿ ತಯಾರಿಕೆಯಲ್ಲಿ ಪ್ಲಾಸ್ಟಿಕ್ ಬಳಕೆ ನಿಷೇಧಿಸುವುದಾಗಿ ಪ್ರಕಟಿಸಿದರು. ಸುದ್ದಿ ಕೆಲವು ದಿನ ಓಡಿ ನಿಂತಿತು. ಆದರೆ ಬಿಸಿ ಆಹಾರ ಪ್ಲಾಸ್ಟಿಕ್‌ಗೆ ತಾಗುವ ಜಾಗ ಇಡ್ಲಿ ತಟ್ಟೆ ಒಂದೇ ಅಲ್ಲ.

ಒಂದೇ ನೋಟದಲ್ಲಿ

- ಎಲ್ಲ ಪ್ಲಾಸ್ಟಿಕ್ ಒಂದೇ ಅಲ್ಲ. ಕೆಲವು ಬಗೆಗಳಲ್ಲಿ ಮಾತ್ರ ಹೆಚ್ಚು ಚಿಂತೆ.
- ಬಿಸಿ, ಎಣ್ಣೆ-ಜಿಡ್ಡು, ಹೆಚ್ಚು ಹೊತ್ತು ಇಡುವುದು, ಗೀರು ಬಿದ್ದ ಹಳೆಯ ಪಾತ್ರೆ: ಈ ನಾಲ್ಕು ಸೇರಿದಷ್ಟೂ ರಾಸಾಯನಿಕ ಹೆಚ್ಚು ಇಳಿಯುತ್ತದೆ.
- ಬಿಪಿಎ, ಥ್ಯಾಲೇಟ್‌ಗಳು ದೇಹದಲ್ಲಿ ವರ್ಷಗಟ್ಟಲೆ ಉಳಿಯುವುದಿಲ್ಲ. ಬಳಕೆ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ಪ್ರಮಾಣ ಇಳಿಯುತ್ತದೆ.
- ಐಎಸ್‌ಐ ಗುರುತಿಲ್ಲದ ಹಾಲಿನ ಬಾಟಲಿ ಮಾರುವುದು ಕಾನೂನಿಗೆ ವಿರುದ್ಧ.

ಹಾರ್ಮೋನು ಅಂದ್ರೆ ಏನು? ಪ್ಲಾಸ್ಟಿಕ್ ಎಲ್ಲಿ ಅಡ್ಡ ಬರುತ್ತದೆ?

ದೇಹದ ಗ್ರಂಥಿಗಳು ರಕ್ತದ ಮೂಲಕ ಕಳಿಸುವ ಸಂದೇಶವೇ ಹಾರ್ಮೋನು. ಎತ್ತರ ಬೆಳೆಯುವುದು, ಮಿದುಳು ಬಲಿಯುವುದು, ಹಸಿವು, ತೂಕ, ಹುಡುಗ-ಹುಡುಗಿಯರು ಪ್ರಾಯಕ್ಕೆ ಬರುವುದು ಎಲ್ಲವೂ ಇದರ ಲೆಕ್ಕದಲ್ಲೇ ನಡೆಯುತ್ತದೆ. ಥೈರಾಯ್ಡ್, ಇನ್ಸುಲಿನ್, ಈಸ್ಟ್ರೋಜೆನ್, ಟೆಸ್ಟೋಸ್ಟಿರಾನ್ ಹೆಸರುಗಳು ಹೆಚ್ಚಿನವರಿಗೆ ಪರಿಚಿತ.

ಹಾರ್ಮೋನನ್ನು ಚಾವಿ ಅಂತ ತಿಳಿದರೆ, ಜೀವಕೋಶದಲ್ಲಿ ಅದಕ್ಕೆ ತಕ್ಕ ಬೀಗ ಇರುತ್ತದೆ. ಚಾವಿ ಕೂತರೆ ಕೆಲಸ ಶುರು. ಕೆಲವು ರಾಸಾಯನಿಕಗಳು ಡುಪ್ಲಿಕೇಟ್ ಚಾವಿಯಂತೆ ಅದೇ ಬೀಗದಲ್ಲಿ ಕೂರುತ್ತವೆ. ಒಮ್ಮೊಮ್ಮೆ ಬೇಡದ ಹೊತ್ತಿನಲ್ಲಿ ಬೀಗ ತೆಗೆಯುತ್ತವೆ, ಒಮ್ಮೊಮ್ಮೆ ಅಸಲಿ ಚಾವಿಗೆ ಜಾಗ ಬಿಡುವುದಿಲ್ಲ. ಇನ್ನು ಕೆಲವು ಹಾರ್ಮೋನು ತಯಾರಾಗುವುದನ್ನೇ ಕಡಿಮೆ ಮಾಡುತ್ತವೆ. ಹಾರ್ಮೋನುಗಳು ರಕ್ತದಲ್ಲಿ ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕೆಲಸ ಮಾಡುವುದರಿಂದ, ಹೊರಗಿನಿಂದ ಬಂದ ಸಣ್ಣ ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ.

1991ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವಿಂಗ್‌ಸ್ಪ್ರೆಡ್‌ನಲ್ಲಿ ವಿಜ್ಞಾನಿ ಥಿಯೋ ಕಾಲ್ಬರ್ನ್ ಮುಂದಾಳತ್ವದಲ್ಲಿ ಸೇರಿದ ತಜ್ಞರು ಇಂಥ ರಾಸಾಯನಿಕಗಳಿಗೆ ‘ಎಂಡೋಕ್ರೈನ್ ಡಿಸ್ರಪ್ಟರ್’ ಎಂದು ಹೆಸರಿಟ್ಟರು. ಸರಳವಾಗಿ ಹೇಳಬೇಕಂದ್ರೆ, ಹಾರ್ಮೋನು ವ್ಯವಸ್ಥೆ ಕೆಡಿಸುವ ರಾಸಾಯನಿಕ.

ನೆನಪಿಡಬೇಕಾದ ಎರಡು ಹೆಸರು

ಬಿಪಿಎ: ಪೂರ್ತಿ ಹೆಸರು ಬಿಸ್ಫಿನಾಲ್-ಎ. ಗಾಜಿನಂತೆ ಕಾಣುವ, ಗಟ್ಟಿಯಾದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ತಯಾರಿಸಲು ಇದು ಬೇಕು. ಆಹಾರದ ತಗಡಿನ ಡಬ್ಬಿಗಳ ಒಳಲೇಪನದಲ್ಲೂ ಬಳಸುತ್ತಾರೆ. ಇದು ಸ್ತ್ರೀ ಹಾರ್ಮೋನು ಈಸ್ಟ್ರೋಜೆನ್‌ನಂತೆ ವರ್ತಿಸುತ್ತದೆ ಎಂಬುದು ಹೊಸ ಸಂಗತಿ ಏನಲ್ಲ. ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ಡಾಡ್ಸ್ 1936ರಲ್ಲೇ ಇದನ್ನು ತೋರಿಸಿದ್ದರು. ಪ್ಲಾಸ್ಟಿಕ್‌ನಲ್ಲಿ ಇದರ ಬಳಕೆ ಶುರುವಾದದ್ದು ಆಮೇಲೆ.

ಥ್ಯಾಲೇಟ್: ಗಟ್ಟಿ ಪಿವಿಸಿಯನ್ನು ಮೆತ್ತಗೆ ಮಾಡಲು ಬೆರೆಸುವ ಎಣ್ಣೆಯಂಥ ಪದಾರ್ಥ. ಮೆತ್ತನೆಯ ಅಗ್ಗದ ಆಟಿಕೆ, ರೇನ್‌ಕೋಟ್, ಟೇಬಲ್ ಹಾಸು, ಕೊಳವೆಗಳಲ್ಲಿ ಇರುತ್ತದೆ. ಕೆಲವು ಸುಗಂಧದ ಪದಾರ್ಥಗಳಲ್ಲೂ ಇದೆ. ಇದು ಪ್ಲಾಸ್ಟಿಕ್ ಜೊತೆ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ಬೆರೆತಿರುತ್ತದೆ ಅಷ್ಟೇ. ಹಂಗಾಗಿ ಎಣ್ಣೆ, ತುಪ್ಪ, ಹಾಲಿನ ಜಿಡ್ಡು ತಾಗಿದರೆ ಸುಲಭವಾಗಿ ಹೊರಗೆ ಬರುತ್ತದೆ. ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಕೆಲಸವನ್ನು ಕೆಲವು ಥ್ಯಾಲೇಟ್‌ಗಳು ತಗ್ಗಿಸುತ್ತವೆ.

ಮಕ್ಕಳಿಗೇ ಯಾಕೆ ಹೆಚ್ಚು?

ಲೆಕ್ಕ ಸರಳ. ಆರು ಕೆ.ಜಿ. ತೂಕದ ಕೂಸು ದಿನಕ್ಕೆ ಸುಮಾರು 900 ಮಿ.ಲೀ. ಹಾಲು ಕುಡಿಯುತ್ತದೆ. ಅಂದರೆ ತೂಕದ ಪ್ರತಿ ಕೆ.ಜಿ.ಗೆ 150 ಮಿ.ಲೀ. 60 ಕೆ.ಜಿ. ತೂಕದ ದೊಡ್ಡವರು ಮೂರು ಲೀಟರ್ ನೀರು ಕುಡಿದರೂ ಪ್ರತಿ ಕೆ.ಜಿ.ಗೆ 50 ಮಿ.ಲೀ. ಮಾತ್ರ. ಅದೇ ಬಾಟಲಿ, ಅದೇ ಪ್ಲಾಸ್ಟಿಕ್ ಆದರೂ ಕೂಸಿಗೆ ಬೀಳುವ ಪಾಲು ಮೂರು ಪಟ್ಟು.

ಇದರ ಮೇಲೆ ಮಕ್ಕಳು ಕಂಡದ್ದನ್ನೆಲ್ಲ ಬಾಯಿಗಿಡುತ್ತಾರೆ, ನೆಲದ ಮೇಲೆ ಅಂಬೆಗಾಲಿಡುತ್ತಾರೆ, ಧೂಳು ಮುಟ್ಟಿದ ಕೈಯನ್ನೇ ಚೀಪುತ್ತಾರೆ. ಇಂಥ ರಾಸಾಯನಿಕವನ್ನು ಒಡೆದು ಮೂತ್ರದ ಮೂಲಕ ಹೊರಹಾಕುವ ಲಿವರ್ ಶಕ್ತಿಯೂ ಎಳೆ ಕೂಸಿನಲ್ಲಿ ಪೂರ್ತಿ ಬಲಿತಿರುವುದಿಲ್ಲ.

ಇನ್ನೊಂದು ಮಾತು, ಇದು ಗರ್ಭಿಣಿಯರಿಗೂ ಸೇರಿದ್ದು. ತಾಯಿಯ ರಕ್ತದಿಂದ ಈ ರಾಸಾಯನಿಕಗಳು ಗರ್ಭದ ಶಿಶುವಿಗೂ ದಾಟುತ್ತವೆ. ಅಂಗಾಂಗ ರೂಪುಗೊಳ್ಳುವುದೇ ಆಗ. ಹಾಗಾಗಿ ಮನೆಯಲ್ಲಿ ಬದಲಾವಣೆ ಮಾಡುವುದಾದರೆ ಕೂಸು ಹುಟ್ಟುವವರೆಗೆ ಕಾಯಬೇಕಾಗಿಲ್ಲ.

ಸಂಶೋಧನೆ ಏನು ಹೇಳುತ್ತದೆ?

ಇಲ್ಲಿ ಎರಡು ಬಗೆಯ ತಪ್ಪು ಮಾತು ಕೇಳಿಬರುತ್ತವೆ. ‘ಪ್ಲಾಸ್ಟಿಕ್ ಮುಟ್ಟಿದರೆ ಕ್ಯಾನ್ಸರ್’ ಎಂಬುದು ಒಂದು. ‘ಇಷ್ಟು ವರ್ಷ ಬಳಸಿದ್ದೇವೆ, ಏನಾಗಿದೆ?’ ಎಂಬುದು ಇನ್ನೊಂದು. ಎರಡೂ ಸರಿಯಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬಿಪಿಎ ಮತ್ತು ಕೆಲವು ಥ್ಯಾಲೇಟ್‌ಗಳ ಕೆಟ್ಟ ಪರಿಣಾಮ ಸ್ಪಷ್ಟವಾಗಿ ಕಂಡಿದೆ. 1998ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಹಂಟ್ ಅವರ ಲ್ಯಾಬ್‌ನಲ್ಲಿ ಇಲಿಗಳ ಪ್ಲಾಸ್ಟಿಕ್ ಪಂಜರವನ್ನು ತಪ್ಪಾದ ಸಾಬೂನಿನಿಂದ ತೊಳೆದರು. ಪ್ಲಾಸ್ಟಿಕ್ ಸವೆದು ಬಿಪಿಎ ಹೊರಬಂತು, ಇಲಿಗಳ ಅಂಡಾಣುಗಳಲ್ಲಿ ದೋಷ ಏಕಾಏಕಿ ಹೆಚ್ಚಾಯಿತು. ಯಾರೂ ಬೇಕೆಂದು ಮಾಡದ ಪ್ರಯೋಗ ಅದು.

ಮನುಷ್ಯರ ಮೇಲೆ ಇಂಥ ಪ್ರಯೋಗ ಮಾಡುವಂತಿಲ್ಲ. ತಾಯಂದಿರ, ಮಕ್ಕಳ ಮೂತ್ರದಲ್ಲಿ ಪ್ರಮಾಣ ಅಳೆದು, ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಾರೆ. ಶಾನಾ ಸ್ವಾನ್ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗರ್ಭಿಣಿಯಾಗಿದ್ದಾಗ ಥ್ಯಾಲೇಟ್ ಹೆಚ್ಚಿದ್ದ ತಾಯಂದಿರ ಗಂಡುಮಕ್ಕಳಲ್ಲಿ ಜನನಾಂಗದ ಬೆಳವಣಿಗೆಯ ಅಳತೆಯಲ್ಲಿ ವ್ಯತ್ಯಾಸ ಕಂಡಿತು. ಬೊಜ್ಜು, ಚಂಚಲ ವರ್ತನೆ, ಬೇಗ ಪ್ರಾಯಕ್ಕೆ ಬರುವುದರ ಜೊತೆಗೂ ನಂಟು ತೋರಿಸುವ ಅಧ್ಯಯನಗಳಿವೆ, ನಂಟು ಕಾಣದ ಅಧ್ಯಯನಗಳೂ ಇವೆ. ಹೀಗಾಗಿ ಯಾವುದೋ ಒಂದು ಮಗುವನ್ನು ತೋರಿಸಿ ‘ಇದಕ್ಕೆ ಪ್ಲಾಸ್ಟಿಕ್ಕೇ ಕಾರಣ’ ಎಂದು ಯಾರೂ ಹೇಳಲಾಗದು.

ಹಂಗಂತ ಸರ್ಕಾರಗಳು ಕೈಕಟ್ಟಿ ಕೂತಿಲ್ಲ. ಯುರೋಪ್ ಒಕ್ಕೂಟ 2011ರಲ್ಲಿ ಹಾಲಿನ ಬಾಟಲಿಗಳಲ್ಲಿ ಬಿಪಿಎ ನಿಷೇಧಿಸಿತು, ಅಮೆರಿಕ 2012ರಲ್ಲಿ ನಿಲ್ಲಿಸಿತು. 2023ರ ಏಪ್ರಿಲ್‌ನಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಬಿಪಿಎಯ ಸುರಕ್ಷಿತ ಮಿತಿಯನ್ನು ಹಿಂದಿನದಕ್ಕಿಂತ 20 ಸಾವಿರ ಪಟ್ಟು ಕೆಳಗಿಳಿಸಿತು. ಜರ್ಮನಿಯ ತಜ್ಞ ಸಂಸ್ಥೆ ಈ ಲೆಕ್ಕವನ್ನು ಪೂರ್ತಿ ಒಪ್ಪಲಿಲ್ಲ. ಆದರೂ 2025ರ ಜನವರಿಯಿಂದ ಆಹಾರ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸುವ ಹೊಸ ನಿಯಮ ಅಲ್ಲಿ ಜಾರಿಗೆ ಬಂದಿದೆ. ತಯಾರಕರಿಗೆ ಬದಲಾಗಲು ಕಾಲಾವಕಾಶ ಕೊಟ್ಟಿದ್ದಾರೆ.

ನಮ್ಮಲ್ಲಿ ಎಲ್ಲಿಂದ ಬರುತ್ತದೆ?

ಹಾಲಿನ ಬಾಟಲಿ: ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದೇ. 2008ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದ ತಂಡ ಪಾಲಿಕಾರ್ಬೊನೇಟ್ ಬಾಟಲಿಗಳನ್ನು ಪರೀಕ್ಷಿಸಿತು. ಕುದಿಯುವ ನೀರು ಹಾಕಿದಾಗ ಬಿಪಿಎ ಇಳಿಯುವ ವೇಗ ತಣ್ಣೀರಿಗಿಂತ 55 ಪಟ್ಟುವರೆಗೆ ಹೆಚ್ಚಾಯಿತು. ಅಂದರೆ ಬಾಟಲಿ ಹೊಸದೋ ಹಳೆಯದೋ ಎನ್ನುವುದಕ್ಕಿಂತ ಒಳಗೆ ಹಾಕಿದ್ದು ಎಷ್ಟು ಬಿಸಿ ಎನ್ನುವುದೇ ದೊಡ್ಡ ಸಂಗತಿ. ಭಾರತದಲ್ಲಿ ಇಂಥ ಬಾಟಲಿಗೆ ಬಿಪಿಎ ಬಳಸುವಂತಿಲ್ಲ. ಆದರೂ ಮಾರುಕಟ್ಟೆಯ ಬಾಟಲಿ, ಸಿಪ್ಪರ್ ಕಪ್‌ಗಳಲ್ಲಿ ಬಿಪಿಎ ಸಿಕ್ಕಿದ್ದನ್ನು ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ಐಐಟಿ ಗುವಾಹಟಿಯಲ್ಲಿ ಮಾಡಿಸಿದ ಪರೀಕ್ಷೆ ತೋರಿಸಿದೆ. ಸಂತೆಯಲ್ಲಿ, ರಸ್ತೆ ಬದಿಯಲ್ಲಿ ಹೆಸರು-ಗುರುತಿಲ್ಲದೆ ಬಿಡಿಯಾಗಿ ಮಾರುವ ಬಾಟಲಿ ಯಾವುದರಿಂದ ಮಾಡಿದ್ದು ಎಂದು ಕಣ್ಣಿನಿಂದ ನೋಡಿ ಹೇಳಲಾಗದು.

ನೀರಿನ ಕ್ಯಾನ್: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಜಿಲ್ಲೆ ಇದು. ಫಿಲ್ಟರ್ ನೀರಿನ 20 ಲೀಟರ್ ಕ್ಯಾನ್‌ಗಳು ತೆರೆದ ಗಾಡಿಯಲ್ಲಿ ಬಿಸಿಲಲ್ಲೇ ಊರು ಸುತ್ತುತ್ತವೆ, ಅಂಗಡಿ ಮುಂದೆ ಬಿಸಿಲಲ್ಲೇ ಇರುತ್ತವೆ. ತಿಳಿನೀಲಿ ಬಣ್ಣದ, ಬಡಿದರೆ ಟಣ್ ಎನ್ನುವ ಗಟ್ಟಿ ಕ್ಯಾನ್‌ಗಳಲ್ಲಿ ಬಹಳಷ್ಟು ಪಾಲಿಕಾರ್ಬೊನೇಟ್‌ನವು. ತಂಪು ಜಾಗದಲ್ಲಿ ಇಟ್ಟ ಕ್ಯಾನ್‌ನಿಂದ ಇಳಿಯುವುದು ಕಡಿಮೆ. ದಿನಗಟ್ಟಲೆ ಬಿಸಿಲು ಕುಡಿದ, ಒಳಗೆ ಉಜ್ಜಿ ಉಜ್ಜಿ ಮಸುಕಾದ ಕ್ಯಾನ್‌ನ ಮಾತು ಬೇರೆ.

ಮನೆ ಮೇಲಿನ ಕಪ್ಪು ನೀರಿನ ಟ್ಯಾಂಕ್ ಬಗ್ಗೆ ಹಲವರು ಕೇಳುತ್ತಾರೆ. ಅದು ಪಾಲಿಥಿಲೀನ್. ಅದನ್ನು ತಯಾರಿಸಲು ಬಿಪಿಎ ಬೇಕಾಗಿಲ್ಲ. ಐಎಸ್‌ಐ ಗುರುತು ಇರುವುದನ್ನೇ ಕೊಳ್ಳುವುದು, ಸಾಧ್ಯವಿದ್ದರೆ ಮೇಲೆ ನೆರಳು ಮಾಡುವುದು ಸಾಕು.

ಪಾರ್ಸಲ್: ಬಿಸಿ ಚಹಾ, ಸಾಂಬಾರು, ದಾಲ್, ಬಿರಿಯಾನಿ, ಎಣ್ಣೆ ಸುರಿಯುವ ಮಿರ್ಚಿ ಭಜಿ. ಇಲ್ಲಿ ಬಿಸಿ ಮತ್ತು ಜಿಡ್ಡು ಎರಡೂ ಒಟ್ಟಿಗೆ ಇವೆ. ತೆಳು ಪನ್ನಿ ಹಳೆಯ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದಾದರೆ, ಅದರಲ್ಲಿ ಮೊದಲು ಏನಿತ್ತು ಎಂಬ ಲೆಕ್ಕವೇ ಇರುವುದಿಲ್ಲ. ಪನ್ನಿ ಬೇಡ ಅಂತ ಪೇಪರಿನಲ್ಲಿ ಭಜಿ ಕಟ್ಟಿಸಿಕೊಳ್ಳುವುದೂ ಪರಿಹಾರ ಅಲ್ಲ. ಅಚ್ಚಿನ ಶಾಯಿ ಎಣ್ಣೆಗೆ ಇಳಿಯುತ್ತದೆ. ಆಹಾರ ಸುತ್ತಲು ಮುದ್ರಿತ ಪತ್ರಿಕೆ ಬಳಸುವುದನ್ನೂ ನಿಯಮ ಒಪ್ಪುವುದಿಲ್ಲ.

ಕಾಗದದ ಕಪ್: ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. 2020ರಲ್ಲಿ ಐಐಟಿ ಖರಗ್‌ಪುರ ತಂಡ ಇಂಥ ಕಪ್‌ನಲ್ಲಿ 100 ಮಿ.ಲೀ. ಬಿಸಿ ನೀರು 15 ನಿಮಿಷ ಇಟ್ಟಾಗ ಸುಮಾರು 25 ಸಾವಿರ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಕಂಡವು. ದೊಡ್ಡವರ ಚಹಾ ಇರಲಿ, ಮಕ್ಕಳ ಬಿಸಿ ಹಾಲು ಇದರಲ್ಲಿ ಬೇಡ.

ಆಟಿಕೆ: ಔರಾದ್‌ನ ಅಮರೇಶ್ವರ ಜಾತ್ರೆ ಇರಲಿ, ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ ಇರಲಿ, ಮಕ್ಕಳ ಕಣ್ಣು ಹೋಗುವುದು ಆಟಿಕೆ ಅಂಗಡಿಗೇ. ಒತ್ತಿದರೆ ಮೆತ್ತಗಿರುವ, ಮೂಗಿಗೆ ಹಿಡಿದರೆ ಘಾಟು ವಾಸನೆ ಬರುವ ಗುರುತಿಲ್ಲದ ಬೊಂಬೆ ಚೀಪುವ ವಯಸ್ಸಿನ ಕೂಸಿಗೆ ಬೇಡ. ಮರದ ಆಟಿಕೆ, ಬಟ್ಟೆಯ ಬೊಂಬೆ, ಅಡುಗೆಮನೆಯ ಸ್ಟೀಲ್ ಬಟ್ಟಲು-ಚಮಚ ಒಳ್ಳೆಯದು.

ಬಸ್ ಟಿಕೆಟ್: ಅಳುವ ಕೂಸಿನ ಕೈಗೆ ಬಸ್ಸಿನಲ್ಲಿ ಟಿಕೆಟ್ ಕೊಡುವುದು ಎಲ್ಲೆಡೆ ಕಾಣುವ ದೃಶ್ಯ. ಕೂಸು ಅದನ್ನು ಬಾಯಿಗಿಡುತ್ತದೆ. ಯಂತ್ರದಿಂದ ಬರುವ ಟಿಕೆಟ್, ಎಟಿಎಂ ಚೀಟಿ, ಅಂಗಡಿ ಬಿಲ್ಲುಗಳಿಗೆ ಬಳಸುವ ಥರ್ಮಲ್ ಕಾಗದದ ಮೇಲ್ಪದರದಲ್ಲಿ ಸಾಮಾನ್ಯವಾಗಿ ಬಿಪಿಎ ಅಥವಾ ಅದರ ಸಂಬಂಧಿ ರಾಸಾಯನಿಕ ಇರುತ್ತದೆ. ಯುರೋಪ್ 2020ರಿಂದ ಇಂಥ ಕಾಗದದಲ್ಲಿ ಬಿಪಿಎಗೆ ಕಡಿವಾಣ ಹಾಕಿದೆ. ಟಿಕೆಟ್ ದೊಡ್ಡವರ ಜೇಬಿನಲ್ಲೇ ಇರಲಿ.

ಕಸ ಸುಡುವುದು: ಮನೆ ಮುಂದೆ, ಖಾಲಿ ಜಾಗದಲ್ಲಿ ಪ್ಲಾಸ್ಟಿಕ್ ಕಸಕ್ಕೆ ಬೆಂಕಿ ಇಡುವುದು, ಒಲೆ ಹೊತ್ತಿಸಲು ಪನ್ನಿ ಹಾಕುವುದು ಇನ್ನೂ ನಿಂತಿಲ್ಲ. ಪಿವಿಸಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದೂ ಹಾರ್ಮೋನು ಕೆಡಿಸುವಂಥದ್ದೇ. ಬಿಪಿಎ ಬೇಗ ಹೊರಗೆ ಹೋಗುತ್ತದೆ, ಡಯಾಕ್ಸಿನ್ ಹಾಗಲ್ಲ, ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಕೂರುತ್ತದೆ.

ತ್ರಿಕೋನದ ಸಂಖ್ಯೆ ಓದುವುದು ಹೇಗೆ?

ಪ್ಲಾಸ್ಟಿಕ್ ಡಬ್ಬಿ, ಬಾಟಲಿಯ ಅಡಿಯಲ್ಲಿ ಮೂರು ಬಾಣಗಳ ತ್ರಿಕೋನ, ಅದರೊಳಗೆ ಒಂದು ಸಂಖ್ಯೆ ಇರುತ್ತದೆ.

- 1: ಪೆಟ್. ನೀರು, ತಂಪು ಪಾನೀಯದ ಬಾಟಲಿ. ಬಿಸಿ ಹಾಕಬಾರದು, ಮತ್ತೆ ಮತ್ತೆ ತುಂಬಬಾರದು.
- 2, 4: ಪಾಲಿಥಿಲೀನ್‌ನ ಬಗೆಗಳು. ಚಿಂತೆ ಕಡಿಮೆ, ಆದರೆ ಬಿಸಿ ಬೇಡ.
- 3: ಪಿವಿಸಿ. ಮೆತ್ತನೆಯ ಪಿವಿಸಿಯಲ್ಲಿ ಥ್ಯಾಲೇಟ್ ಇರಬಹುದು. ಆಹಾರಕ್ಕೆ ಬೇಡ.
- 5: ಪಾಲಿಪ್ರೊಪಿಲೀನ್. ಇಂದಿನ ಹೆಚ್ಚಿನ ಹಾಲಿನ ಬಾಟಲಿ, ಟಿಫಿನ್ ಡಬ್ಬಿ ಇದರದ್ದೇ. ಪ್ಲಾಸ್ಟಿಕ್‌ಗಳಲ್ಲಿ ಇದು ವಾಸಿ. ಆದರೆ ತೀರಾ ಬಿಸಿಗೆ ಇದೂ ಸೂಕ್ಷ್ಮ ಕಣ ಬಿಡುತ್ತದೆ.
- 6: ಥರ್ಮಾಕೋಲ್ ಮತ್ತು ಅದೇ ಜಾತಿಯ ತಟ್ಟೆ, ಲೋಟ. ಬಿಸಿ ಆಹಾರಕ್ಕೆ ಬೇಡ.
- 7: ಇತರೆ. ಪಾಲಿಕಾರ್ಬೊನೇಟ್ ಇದರಲ್ಲೇ ಬರುತ್ತದೆ. ಮಕ್ಕಳ ಪಾತ್ರೆಗೆ ಬೇಡ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಪೋಷಕರಿಗೆ ಹೇಳಿದ್ದೂ ಇದನ್ನೇ: ಸಾಧ್ಯವಾದಷ್ಟು 3, 6, 7 ಬಿಡಿ, ಪ್ಲಾಸ್ಟಿಕ್‌ನಲ್ಲಿ ಆಹಾರ ಬಿಸಿ ಮಾಡಬೇಡಿ.

‘ಬಿಪಿಎ ಫ್ರೀ’ ಎಂದು ಬರೆದಿದ್ದರೆ ನಿಶ್ಚಿಂತೆಯಾ? ಪೂರ್ತಿ ಅಲ್ಲ. ಬಿಪಿಎ ಬದಲು ಬಿಪಿಎಸ್, ಬಿಪಿಎಫ್ ಎಂಬ ಅದೇ ವಂಶದ ರಾಸಾಯನಿಕ ಬಳಸಿದ ವಸ್ತುಗಳಿವೆ. ಅವೂ ಹಾರ್ಮೋನಿನಂತೆ ವರ್ತಿಸುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಚೀಟಿ ನಂಬಿ ಬಿಸಿ ಸುರಿಯುವುದಕ್ಕಿಂತ ಸ್ಟೀಲ್, ಗಾಜು ವಾಸಿ.

ಕಾನೂನು ಏನಿದೆ?

ಹಾಲಿನ ಬಾಟಲಿ: 1992ರ ಶಿಶು ಹಾಲಿನ ಬದಲಿ ಆಹಾರ ಮತ್ತು ಬಾಟಲಿ ಕಾಯ್ದೆ ಪ್ರಕಾರ, ಐಎಸ್‌ಐ ಗುರುತಿಲ್ಲದ ಹಾಲಿನ ಬಾಟಲಿ ಮಾರುವಂತಿಲ್ಲ. ಬಾಟಲಿಯ ಜಾಹೀರಾತೂ ಕೊಡುವಂತಿಲ್ಲ. ಬಾಟಲಿಗೆ ಸಂಬಂಧಿಸಿದ ಮಾನಕ ಐಎಸ್ 14625. ಇದರ 2015ರ ಪರಿಷ್ಕರಣೆಯಲ್ಲಿ ಬಿಪಿಎಗೆ ನಿಷೇಧವಿದೆ.

ಆಟಿಕೆ: 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕರಕುಶಲಕರ್ಮಿಗಳ ಆಟಿಕೆಗಳಿಗೆ ವಿನಾಯಿತಿ ಇದೆ. ಐಎಸ್ 9873 ಮಾನಕದ 9ನೇ ಭಾಗ ಆಟಿಕೆಗಳಲ್ಲಿನ ಥ್ಯಾಲೇಟ್‌ಗೇ ಮೀಸಲು. ಮಿತಿ ತೂಕದ ಶೇ 0.1.

ಆಹಾರ ಪ್ಯಾಕಿಂಗ್: 2018ರ ಪ್ಯಾಕೇಜಿಂಗ್ ನಿಯಮದಂತೆ, ಮರುಬಳಕೆಯ ಪ್ಲಾಸ್ಟಿಕ್‌ನಿಂದ ಮಾಡಿದ ಕ್ಯಾರಿಬ್ಯಾಗ್‌ನಲ್ಲಿ ಆಹಾರ ಕಟ್ಟುವಂತಿಲ್ಲ.

ಕ್ಯಾರಿಬ್ಯಾಗ್, ತಟ್ಟೆ, ಲೋಟ: ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರಂದೇ ಪ್ಲಾಸ್ಟಿಕ್ ಕ್ಯಾರಿಬ್ಯಾಗ್, ತಟ್ಟೆ, ಲೋಟ, ಚಮಚ, ಥರ್ಮಾಕೋಲ್ ಇತ್ಯಾದಿ ನಿಷೇಧಿಸಿದೆ. 2022ರ ಜುಲೈ 1ರಿಂದ ಏಕಬಳಕೆ ಪ್ಲಾಸ್ಟಿಕ್‌ಗೆ ದೇಶದಾದ್ಯಂತ ನಿಷೇಧ ಬಂದಿದೆ. ಬೀದರ್‌ನ ಗಾಂಧಿ ಗಂಜ್, ಉಸ್ಮಾನ್ ಗಂಜ್‌ನಲ್ಲಿ ಒಂದು ಸುತ್ತು ಹಾಕಿದರೆ ನಿಷೇಧ ಎಷ್ಟರ ಮಟ್ಟಿಗೆ ಇದೆ ಎಂದು ಯಾರಿಗಾದರೂ ತಿಳಿಯುತ್ತದೆ. ಒಂದೆಡೆ ಮಹಾರಾಷ್ಟ್ರ, ಇನ್ನೊಂದೆಡೆ ತೆಲಂಗಾಣ ಇರುವ ಗಡಿ ಜಿಲ್ಲೆಯಲ್ಲಿ ಸರಕು ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಹೀಗಾಗಿ ಕೊಳ್ಳುವವರೇ ಗುರುತು ನೋಡಿ ಕೊಳ್ಳುವುದು ಅನಿವಾರ್ಯ.

ಮನೆಯಲ್ಲಿ ಏನು ಮಾಡ್ಬೇಕು? ಖರ್ಚಿಲ್ಲದ್ದು ಮೊದಲು

2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಧೈರ್ಯ ಕೊಡುವಂಥದ್ದು. ಸ್ಯಾನ್‌ಫ್ರಾನ್ಸಿಸ್ಕೊದ ಐದು ಕುಟುಂಬಗಳ 20 ಮಂದಿಗೆ ಮೂರು ದಿನ ಪ್ಲಾಸ್ಟಿಕ್, ತಗಡಿನ ಡಬ್ಬಿ ತಾಗದ ತಾಜಾ ಅಡುಗೆ ಕೊಟ್ಟರು. ಮೂತ್ರದಲ್ಲಿ ಬಿಪಿಎ ಸರಾಸರಿ ಮೂರನೇ ಎರಡು ಭಾಗದಷ್ಟು ಇಳಿಯಿತು. ಒಂದು ಮುಖ್ಯ ಥ್ಯಾಲೇಟ್‌ನ ಅಂಶ ಅರ್ಧಕ್ಕಿಂತ ಹೆಚ್ಚು ಇಳಿಯಿತು. ಮೊದಲಿನ ಊಟಕ್ಕೆ ಮರಳಿದಾಗ ಮತ್ತೆ ಏರಿತು. ಅಂದರೆ ಇದು ಕೈ ಮೀರಿದ ಸಂಗತಿ ಅಲ್ಲ.

1. ಆರು ತಿಂಗಳವರೆಗೆ ಎದೆಹಾಲು ಮಾತ್ರ. ಮೇಲುಹಾಲು ಅನಿವಾರ್ಯವಾದರೆ ಸ್ಟೀಲ್ ಬಟ್ಟಲು-ಚಮಚ ಅಥವಾ ಒಳಲೆ. ತೊಳೆಯುವುದು ಸುಲಭ, ಭೇದಿಯ ಭಯವೂ ಕಡಿಮೆ.

2. ಬಾಟಲಿಯೇ ಬೇಕಾದರೆ ಗಾಜು ಅಥವಾ ಸ್ಟೀಲ್‌ನದು. ಪ್ಲಾಸ್ಟಿಕ್ ಆದರೆ ಹಾಲು ಕಾಯಿಸಿ, ಸ್ಟೀಲ್ ಪಾತ್ರೆಯಲ್ಲಿ ಉಗುರುಬೆಚ್ಚಗೆ ಆರಿಸಿ, ಆಮೇಲೆ ಬಾಟಲಿಗೆ. ಪುಡಿ ಹಾಲನ್ನೂ ಸ್ಟೀಲ್ ಪಾತ್ರೆಯಲ್ಲೇ ಬಿಸಿನೀರಿಗೆ ಕಲಸಿ, ಆರಿದ ಮೇಲೆ ಸುರಿಯಬೇಕು. ಬಾಟಲಿ ಕುದಿಸಿ ಶುದ್ಧ ಮಾಡಿದ ನಂತರ ಆ ನೀರು ಚೆಲ್ಲಿ, ಒಮ್ಮೆ ಆರಿಸಿದ ನೀರಿನಿಂದ ತೊಳೆದು ಬಳಸಬೇಕು. ಗೀರು ಬಿದ್ದು ಮಸುಕಾದ ಬಾಟಲಿ ಎಸೆಯಬೇಕು.

3. ಶಾಲೆಗೆ ಸ್ಟೀಲ್ ಡಬ್ಬಿ, ಸ್ಟೀಲ್ ನೀರಿನ ಬಾಟಲಿ. ಕ್ಷೀರಭಾಗ್ಯದ ಬಿಸಿ ಹಾಲು ಕುಡಿಯಲು ಮನೆಯಿಂದ ಲೋಟ ಒಯ್ಯುವ ಮಕ್ಕಳಿಗೆ ಸ್ಟೀಲ್ ಲೋಟವೇ ಇರಲಿ. ಹೊಸದು ಕೊಳ್ಳಲಾಗದಿದ್ದರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕುವ ಮುನ್ನ ತಿಂಡಿ ಆರಿಸುವುದು. ಜೋಳದ ರೊಟ್ಟಿ, ಚಪಾತಿಯನ್ನು ಹಿರಿಯರು ಕಟ್ಟುತ್ತಿದ್ದಂತೆ ಶುಭ್ರ ಬಟ್ಟೆಯಲ್ಲಿ ಕಟ್ಟಬಹುದು.

4. ಹೋಟೆಲ್‌ಗೆ ಹೋಗುವಾಗ ಒಂದು ಸ್ಟೀಲ್ ಕ್ಯಾರಿಯರ್ ಜೊತೆಗಿರಲಿ. ಇಡ್ಲಿ ಬಟ್ಟೆಯಲ್ಲಿ ಬೆಂದದ್ದೇ ಎಂದು ಕೇಳಿ ಕೊಳ್ಳುವುದರಲ್ಲಿ ಸಂಕೋಚ ಬೇಡ.

5. ಕ್ಯಾನ್ ನೀರು ಮನೆಗೆ ಬಂದ ಕೂಡಲೇ ಸ್ಟೀಲ್, ತಾಮ್ರ ಅಥವಾ ಮಣ್ಣಿನ ಹೂಜಿಗೆ ಸುರಿಯುವುದು. ಕ್ಯಾನ್ ನೆರಳಲ್ಲಿಟ್ಟವರ ಬಳಿ ಕೊಳ್ಳುವುದು.

6. ತುಪ್ಪ, ಎಣ್ಣೆ, ಉಪ್ಪಿನಕಾಯಿ ಗಾಜು ಅಥವಾ ಪಿಂಗಾಣಿ ಭರಣಿಯಲ್ಲಿ. ಜಿಡ್ಡು ಪದಾರ್ಥ ತಿಂಗಳುಗಟ್ಟಲೆ ಪ್ಲಾಸ್ಟಿಕ್‌ನಲ್ಲಿ ಕೂರುವುದು ಒಳ್ಳೆಯದಲ್ಲ.

7. ಮದುವೆ, ನಾಮಕರಣ, ಜವಳದ ಊಟಕ್ಕೆ ಸ್ಟೀಲ್ ತಟ್ಟೆ ಅಥವಾ ಮುತ್ತುಗದ ಎಲೆಯ ಪತ್ರಾವಳಿ. ಪ್ಲಾಸ್ಟಿಕ್ ಪದರದ ಪೇಪರ್ ಪ್ಲೇಟ್ ಬೇಡ.

8. ಮಕ್ಕಳ ಕೈ ಊಟಕ್ಕೆ ಮೊದಲು ಸಾಬೂನಿನಿಂದ ತೊಳೆಯುವುದು, ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದು. ಧೂಳಿನಲ್ಲಿರುವ ಥ್ಯಾಲೇಟ್ ಇದರಿಂದ ಕಡಿಮೆ ಆಗುತ್ತದೆ.

ಎಲ್ಲವನ್ನೂ ಒಂದೇ ದಿನ ಮಾಡಬೇಕಾಗಿಲ್ಲ. ಒಂದೇ ಬದಲಾವಣೆ ಸಾಧ್ಯ ಅಂತಾದರೆ, ಬಿಸಿಯದು ಯಾವುದೂ ಪ್ಲಾಸ್ಟಿಕ್‌ಗೆ ತಾಗದಂತೆ ನೋಡಿಕೊಂಡರೆ ದೊಡ್ಡ ಪಾಲು ಕೆಲಸ ಆದಂತೆ.

ವೈದ್ಯರ ಬಳಿ ಯಾವಾಗ?

ಬಿಪಿಎ, ಥ್ಯಾಲೇಟ್ ಅಳೆಯಲು ಮಗುವಿಗೆ ರಕ್ತ-ಮೂತ್ರ ಪರೀಕ್ಷೆ ಮಾಡಿಸುವ ಅಗತ್ಯವಿಲ್ಲ. ಪ್ರಮಾಣ ಗಂಟೆಗಳಲ್ಲೇ ಬದಲಾಗುವುದರಿಂದ ಒಂದು ವರದಿಯಿಂದ ಏನೂ ತಿಳಿಯುವುದಿಲ್ಲ. ‘ಪ್ಲಾಸ್ಟಿಕ್ ವಿಷ ತೆಗೆಯುವ’ ಔಷಧ ಅಂತ ಮಾರಿದರೆ ಕೊಳ್ಳಬೇಡಿ.

ಆದರೆ ಈ ಲಕ್ಷಣ ಕಂಡರೆ ಕಾರಣ ಯಾವುದೇ ಇರಲಿ, ತಡ ಮಾಡದೆ ತಾಲೂಕು ಆಸ್ಪತ್ರೆ ಅಥವಾ ಬೀದರ್‌ನ ಬ್ರಿಮ್ಸ್ ಆಸ್ಪತ್ರೆಯ ಮಕ್ಕಳ ವೈದ್ಯರಿಗೆ ತೋರಿಸಬೇಕು: ಹೆಣ್ಣುಮಗುವಿಗೆ 8 ವರ್ಷಕ್ಕೆ ಮೊದಲೇ ಎದೆ ಬೆಳೆಯುವುದು, ಗಂಡುಮಗುವಿಗೆ 9 ವರ್ಷಕ್ಕೆ ಮೊದಲೇ ಪ್ರಾಯದ ಲಕ್ಷಣ ಕಾಣುವುದು, ಆರು ತಿಂಗಳಾದರೂ ಗಂಡುಕೂಸಿನ ವೃಷಣ ಚೀಲಕ್ಕೆ ಇಳಿಯದಿರುವುದು, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದಿರುವುದು.

ಇನ್ನೊಂದು ಎಚ್ಚರಿಕೆ. ಆಸ್ಪತ್ರೆಯ ಸಲೈನ್ ಚೀಲ, ಕೊಳವೆಗಳಲ್ಲಿ ಕೆಲವು ಪಿವಿಸಿಯವು. ಈ ಕಾರಣಕ್ಕೆ ಕೂಸಿಗೆ ಬೇಕಾದ ಚಿಕಿತ್ಸೆ ಬೇಡ ಅನ್ನುವುದು ದೊಡ್ಡ ತಪ್ಪು. ಅಲ್ಲಿ ಜೀವ ಉಳಿಸುವುದು ಮೊದಲು.

ದೂರು ಎಲ್ಲಿ ಕೊಡ್ಬೇಕು?

- ಹೋಟೆಲ್, ಬೇಕರಿ, ನೀರಿನ ಕ್ಯಾನ್ ಬಗ್ಗೆ: ಜಿಲ್ಲಾ ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿ, ಅಥವಾ ಎಫ್‌ಎಸ್‌ಎಸ್‌ಎಐ ಉಚಿತ ಸಹಾಯವಾಣಿ 1800-112-100.
- ಗುರುತಿಲ್ಲದ ಬಾಟಲಿ, ಆಟಿಕೆ ಮಾರಾಟದ ಬಗ್ಗೆ: ‘ಬಿಐಎಸ್ ಕೇರ್’ ಮೊಬೈಲ್ ಆ್ಯಪ್. ಐಎಸ್‌ಐ ಗುರುತಿನ ಕೆಳಗಿರುವ ಲೈಸೆನ್ಸ್ ಸಂಖ್ಯೆ ಇದರಲ್ಲಿ ಹಾಕಿದರೆ ಗುರುತು ಅಸಲಿಯೋ ನಕಲಿಯೋ ತಿಳಿಯುತ್ತದೆ.
- ಗ್ರಾಹಕರ ದೂರು: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
- ನಿಷೇಧಿತ ಪ್ಲಾಸ್ಟಿಕ್ ಮಾರಾಟ, ಕಸ ಸುಡುವುದು: ಬೀದರ್, ಭಾಲ್ಕಿ, ಔರಾದ್‌ನ ಆಯಾ ನಗರಾಡಳಿತ ಸಂಸ್ಥೆಯ ಆರೋಗ್ಯ ವಿಭಾಗ, ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿ.

ದೂರು ಕೊಡುವಾಗ ಅಂಗಡಿ ಹೆಸರು, ದಿನಾಂಕ, ಬಿಲ್ ಅಥವಾ ಫೋಟೊ ಇದ್ದರೆ ಕೆಲಸ ಬೇಗ ಆಗುತ್ತದೆ. ಹಾಲಿನ ಬಾಟಲಿ ಕೊಳ್ಳುವಾಗ ಬಿಲ್ ಕೇಳಿ ಪಡೆಯುವುದನ್ನು ಮರೆಯಬೇಡಿ.